ಸ್ವಂತ ದೋಣಿಯಲ್ಲಿ ಪರದೇಶಕ್ಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಸಂಬಂಧಿಯೊಬ್ಬರು ನಿವೃತ್ತಿಯ ನಂತರ ಹಾಯಿದೋಣಿಯೊಂದನ್ನು ಕೊಂಡು, ಪತ್ನಿಯೊಡನೆ ದೇಶದಿಂದ ದೇಶಕ್ಕೆ ಸಮುದ್ರದ ಮೇಲೆಯೇ ಪ್ರಯಾಣ ಮಾಡಲು ಸಿದ್ಧತೆ ನಡೆಸಿದ್ದಾರೆ. ವಿಮಾನದಲ್ಲಿ ಹೋದವರಿಗೆ ಪಾಸ್‌ಪೋರ್ಟ್ ಮತ್ತು ವೀಸಾ ಸಾಕು. ದೋಣಿಯಲ್ಲಿ ಬಂದವರಿಂದ ಮಾತ್ರ ಒಂದು ಕಟ್ಟು ಕಾಗದಪತ್ರಗಳನ್ನು ಏಕೆ ಕೇಳುತ್ತಾರೆ?

ಉತ್ತರ: ವಿಮಾನದಲ್ಲಿ ಬರುವವರ ಪರವಾಗಿ ಬಹುಪಾಲು ಕೆಲಸವನ್ನು ವಿಮಾನ ಸಂಸ್ಥೆ ಮೊದಲೇ ಮುಗಿಸಿರುತ್ತದೆ. ಪ್ರಯಾಣಿಕರ ಪಟ್ಟಿಯನ್ನು ಮುಂಚಿತವಾಗಿ ಕಳುಹಿಸುವುದು, ಹತ್ತುವ ಮೊದಲೇ ವೀಸಾ ನೋಡುವುದು, ಪ್ರವೇಶ ಸಿಗದವರನ್ನು ಹಿಂದಕ್ಕೆ ಕರೆದೊಯ್ಯುವುದು, ವಿಮಾನದ ದಾಖಲೆಗಳನ್ನು ಒಪ್ಪಿಸುವುದು, ಇವೆಲ್ಲ ಆ ಸಂಸ್ಥೆಯ ಹೊಣೆ. ಸ್ವಂತ ದೋಣಿಯಲ್ಲಿ ಬಂದಾಗ ಈ ಹೊಣೆಯೆಲ್ಲ ದೋಣಿ ನಡೆಸುವ ಕ್ಯಾಪ್ಟನ್‌ನ ಮೇಲೆ ಬೀಳುತ್ತದೆ; ಅವರು ಪ್ರವಾಸಿಯೂ ಹೌದು, ಸಾರಿಗೆ ಸಂಸ್ಥೆಯೂ ಹೌದು. ಅಮೆರಿಕದ ನಿಯಮವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ವೀಸಾ ಇಲ್ಲದೆ ಅಲ್ಲಿಗೆ ಹೋಗಬಹುದಾದ ದೇಶಗಳ ಪ್ರಜೆಗಳಿಗೆ ಆ ಸೌಲಭ್ಯ ದೊರೆಯುವುದು ಅಮೆರಿಕ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡ ಸಾರಿಗೆ ಸಂಸ್ಥೆಯ ಮೂಲಕ ಬಂದಾಗ ಮಾತ್ರ. ವಿಮಾನದಲ್ಲಿ ವೀಸಾ ಇಲ್ಲದೆ ಇಳಿಯಬಹುದಾದ ಅದೇ ವ್ಯಕ್ತಿ ತನ್ನ ಹಾಯಿದೋಣಿಯಲ್ಲಿ ಬಂದರೆ ಮೊದಲೇ ಸಂದರ್ಶಕ ವೀಸಾ ಪಡೆದಿರಬೇಕು. ಈ ವಿಷಯ ತಿಳಿಯದೆ ಸಮುದ್ರ ದಾಟಿ ಬರುವವರು ಇದ್ದಾರೆ. ನಿಮ್ಮ ಸಂಬಂಧಿಗೆ ಇದನ್ನು ಎಲ್ಲಕ್ಕಿಂತ ಮೊದಲು ತಿಳಿಸಿ.

ಎರಡನೆಯ ಕಾರಣ, ಬಂದಿರುವುದು ಮನುಷ್ಯರಷ್ಟೇ ಅಲ್ಲ, ದೋಣಿಯೂ ಬಂದಿದೆ. ಇಮಿಗ್ರೇಷನ್ ಅಧಿಕಾರಿ ಕೇಳುವುದು ಜನರ ವಿಷಯ. ಕಸ್ಟಮ್ಸ್ ಅಧಿಕಾರಿಯ ಲೆಕ್ಕದಲ್ಲಿ ದೋಣಿಯೇ ಹೊರದೇಶದಿಂದ ಬಂದ ಬೆಲೆಬಾಳುವ ಸರಕು. ಅದನ್ನು ಇಲ್ಲಿ ಮಾರುವುದಿಲ್ಲ, ಅವಧಿ ಮುಗಿಯುವ ಮೊದಲು ವಾಪಸು ಕೊಂಡೊಯ್ಯುತ್ತೇನೆ ಎಂಬ ಭರವಸೆಯ ಮೇಲೆ ಸುಂಕವಿಲ್ಲದೆ ಬಿಡುತ್ತಾರೆ. ಆರೋಗ್ಯ ಮತ್ತು ಕೃಷಿ ಇಲಾಖೆಯವರಿಗೆ ರೋಗ, ಕೀಟ, ಬೀಜಗಳ ಚಿಂತೆ. ಬಂದರು ಅಧಿಕಾರಿಗೆ ದೋಣಿಯ ಗುರುತು, ಅದು ನಿಲ್ಲುವ ಜಾಗ ಮತ್ತು ಶುಲ್ಕ ಬೇಕು. ಒಂದೊಂದು ದೇಶದಲ್ಲಿ ಈ ನಾಲ್ಕೂ ಕೆಲಸಗಳು ಒಂದೇ ಮೇಜಿನಲ್ಲಿ ಮುಗಿಯುತ್ತವೆ. ಕೆಲವೆಡೆ ಊರಿನ ನಾಲ್ಕು ಕಚೇರಿಗಳಿಗೆ, ಅದೂ ಗೊತ್ತುಪಡಿಸಿದ ಕ್ರಮದಲ್ಲಿ, ನಡೆದು ಹೋಗಬೇಕಾಗುತ್ತದೆ.

ದೋಣಿಯ ಮೂಲ ನೋಂದಣಿ ಪತ್ರ ಇವುಗಳಲ್ಲಿ ಮುಖ್ಯವಾದುದು, ಏಕೆಂದರೆ ದೋಣಿಯ ರಾಷ್ಟ್ರೀಯತೆಯನ್ನು ಹೇಳುವ ದಾಖಲೆ ಅದು. ದೋಣಿ ಕಂಪನಿಯ ಹೆಸರಿನಲ್ಲಿದ್ದರೆ, ಅಥವಾ ಮಾಲೀಕರ ಬದಲು ಬೇರೊಬ್ಬರು ನಡೆಸುತ್ತಿದ್ದರೆ, ನೋಟರಿಯಿಂದ ದೃಢೀಕರಿಸಿದ ಅಧಿಕಾರ ಪತ್ರವೂ ಜೊತೆಗಿರಬೇಕು. ಅದರ ನಂತರ ದೋಣಿಯಲ್ಲಿರುವ ಎಲ್ಲರ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆಗಳಿರುವ ಸಿಬ್ಬಂದಿ ಪಟ್ಟಿ, ಹಿಂದಿನ ಬಂದರಿನ ನಿರ್ಗಮನ ಪತ್ರ, ವಿಮೆ ಮತ್ತು ರೇಡಿಯೊ ಪರವಾನಗಿ ಬರುತ್ತವೆ. ಸಿಬ್ಬಂದಿ ಪಟ್ಟಿಯ ಹಲವಾರು ಪ್ರತಿಗಳನ್ನು ಮುದ್ರಿಸಿಟ್ಟುಕೊಂಡು, ದೋಣಿಯ ಹೆಸರಿರುವ ರಬ್ಬರ್ ಮೊಹರೊಂದನ್ನು ಮಾಡಿಸಿಕೊಳ್ಳುವುದು ಅನುಭವಿಗಳ ರೂಢಿ. ಕಾನೂನು ಅದನ್ನು ಕೇಳುವುದಿಲ್ಲ. ಆದರೆ ಮೊಹರಿದ್ದ ಕಾಗದ ಅನೇಕ ಬಂದರುಗಳ ಕಚೇರಿಗಳಲ್ಲಿ ಬೇಗ ಮುಂದೆ ಸಾಗುತ್ತದೆ.

ಪ್ರತಿ ದೇಶವೂ ಬೇರೆ ಬೇರೆ ನಮೂನೆ ಕೇಳುವುದಕ್ಕೂ ಒಂದು ಹಿನ್ನೆಲೆಯಿದೆ. ಸರಕು ಸಾಗಣೆಯ ಹಡಗುಗಳು ಬಂದರಿನಲ್ಲಿ ಸಲ್ಲಿಸುವ ದಾಖಲೆಗಳನ್ನು ಸರಳಗೊಳಿಸಿ ಏಕರೂಪಕ್ಕೆ ತರಲು 1965ರಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಯುದ್ಧನೌಕೆಗಳಿಗೂ ವಿಹಾರ ನೌಕೆಗಳಿಗೂ ಅದು ಅನ್ವಯಿಸುವುದಿಲ್ಲ ಎಂದು ಅದರಲ್ಲಿಯೇ ಬರೆದಿದೆ. ಹೀಗಾಗಿ ದೊಡ್ಡ ಹಡಗಿನ ಕ್ಯಾಪ್ಟನ್‌ಗೆ ದೊರೆತ ಅನುಕೂಲ ಹತ್ತು ಮೀಟರಿನ ಹಾಯಿದೋಣಿಯಲ್ಲಿ ಬರುವ ದಂಪತಿಗೆ ಇಂದಿಗೂ ಹಕ್ಕಾಗಿ ದೊರೆತಿಲ್ಲ. ಇದು ಸರಿಯಾಗಬೇಕಾದ ಕೊರತೆ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ವಾರಗಟ್ಟಲೆ ಪ್ರಯಾಣ ಮಾಡಿ ದಣಿದವರು ರಾತ್ರಿ ಹೊತ್ತಿನಲ್ಲಿ ತೀರ ತಲುಪಿದರೆ, ಯಾವುದಾದರೂ ನಿರ್ಜನ ಕೊಲ್ಲಿಯಲ್ಲಿ ಲಂಗರು ಹಾಕಿ ಮಲಗಿ, ಬೆಳಿಗ್ಗೆ ಬಂದರಿಗೆ ಹೋಗಿ ವರದಿ ಮಾಡಿದರೆ ತಪ್ಪಾಗುತ್ತದೆಯೇ?

ಉತ್ತರ: ಬಹುತೇಕ ದೇಶಗಳಲ್ಲಿ ತಪ್ಪಾಗುತ್ತದೆ. 1982ರ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೀರದಿಂದ 12 ನಾಟಿಕಲ್ ಮೈಲಿಗಳವರೆಗೆ, ಎಂದರೆ ಸುಮಾರು 22 ಕಿಲೋಮೀಟರುಗಳವರೆಗೆ, ಸಮುದ್ರವೂ ಆ ದೇಶದ್ದೇ. ಶಾಂತಿಯಿಂದ ಹಾದುಹೋಗುವ ಹಕ್ಕು ಎಲ್ಲ ದೇಶಗಳ ದೋಣಿಗಳಿಗೂ ಉಂಟು; ಆದರೆ ಹಾಗೆ ಹಾದುಹೋಗುವಾಗ ತಡೆಯಿಲ್ಲದೆ, ಬೇಗನೆ ಸಾಗಬೇಕು. ನಡುವೆ ನಿಲ್ಲುವುದಕ್ಕೂ ಲಂಗರು ಹಾಕುವುದಕ್ಕೂ ಅವಕಾಶವಿರುವುದು ಸಾಮಾನ್ಯ ನೌಕಾಯಾನಕ್ಕೆ ಅಗತ್ಯವಾದಾಗ, ಅಪಾಯಕ್ಕೆ ಸಿಲುಕಿದಾಗ, ಇಲ್ಲವೇ ಅಪಾಯದಲ್ಲಿರುವ ಇತರರಿಗೆ ನೆರವಾಗುವಾಗ. ಆ ದೇಶದೊಳಕ್ಕೇ ಹೊರಟವರಂತೂ ಪ್ರವೇಶಕ್ಕೆಂದು ಗೊತ್ತುಪಡಿಸಿದ ಬಂದರಿಗೆ ನೇರವಾಗಿ ಹೋಗಬೇಕು. ನಿರ್ಜನ ಕೊಲ್ಲಿಯಲ್ಲಿ ರಾತ್ರಿ ನಿಂತ ಪರದೇಶದ ದೋಣಿ ಗಸ್ತಿನವರ ಕಣ್ಣಿಗೆ ಕಳ್ಳಸಾಗಣೆಯ ದೋಣಿಯಂತೆಯೇ ಕಾಣುತ್ತದೆ, ಮತ್ತು ದಣಿವಿನ ಕಾರಣವನ್ನು ಅವರು ಒಪ್ಪಬೇಕೆಂದಿಲ್ಲ. ತೀರದಿಂದ ದೂರದಲ್ಲಿಯೇ ಹಾಯಿ ಇಳಿಸಿ ಅಥವಾ ವೇಗ ತಗ್ಗಿಸಿ ಬೆಳಗಾಗುವವರೆಗೆ ಕಾಯುವುದು ಉತ್ತಮ. ಅಪರಿಚಿತ ಬಂದರನ್ನು ಕತ್ತಲಲ್ಲಿ ಪ್ರವೇಶಿಸುವುದು ಹೇಗೂ ಅಪಾಯಕರವಾದ್ದರಿಂದ ಜಾಗರೂಕ ನಾವಿಕರು ಇದನ್ನೇ ಮಾಡುತ್ತಾರೆ.

ಆ ದೇಶದ ಜಲಪ್ರದೇಶಕ್ಕೆ ಬಂದಾಗ ಹಳದಿ ಬಾವುಟವನ್ನು ಏರಿಸಬೇಕು. ಅಂತರರಾಷ್ಟ್ರೀಯ ಸಂಕೇತ ಪದ್ಧತಿಯಲ್ಲಿ ಕ್ಯೂ ಅಕ್ಷರದ ಈ ಬಾವುಟಕ್ಕೆ ‘ನನ್ನ ದೋಣಿಯಲ್ಲಿ ರೋಗವಿಲ್ಲ, ಪ್ರವೇಶಕ್ಕೆ ಅನುಮತಿ ಬೇಡುತ್ತೇನೆ’ ಎಂಬ ಅರ್ಥವಿದೆ. ಅದು ಹಾರುತ್ತಿರುವವರೆಗೆ, ಅನೇಕ ದೇಶಗಳಲ್ಲಿ, ಕ್ಯಾಪ್ಟನ್ ಒಬ್ಬರೇ ಕಾಗದಗಳೊಂದಿಗೆ ದಡಕ್ಕೆ ಹೋಗಬಹುದು ಮತ್ತು ಉಳಿದವರು ದೋಣಿಯಲ್ಲಿಯೇ ಇರಬೇಕು; ಬೇರೆ ಕೆಲವು ದೇಶಗಳಲ್ಲಿ ಅಧಿಕಾರಿಗಳೇ ದೋಣಿಗೆ ಬರುವವರೆಗೆ ಯಾರೂ ಇಳಿಯುವಂತಿಲ್ಲ. ಅನುಮತಿ ದೊರೆತ ಮೇಲೆ ಹಳದಿ ಬಾವುಟವನ್ನು ಇಳಿಸಿ, ಬಲಬದಿಯಲ್ಲಿ ಆತಿಥೇಯ ದೇಶದ ಬಾವುಟವನ್ನು ಏರಿಸುತ್ತಾರೆ.

ಬಿರುಗಾಳಿ, ದೋಣಿಗೆ ನೀರು ನುಗ್ಗುವುದು, ತೀವ್ರ ಅನಾರೋಗ್ಯ ಇಂತಹ ಸಂದರ್ಭಗಳ ಮಾತು ಬೇರೆ. ಆಗ ಮೊದಲು ಜೀವ ಉಳಿಯಬೇಕು, ಹತ್ತಿರದ ಆಶ್ರಯಕ್ಕೆ ಹೋಗಲೇಬೇಕು. ಆದರೆ ರೇಡಿಯೊದಲ್ಲಿ ಸಾಧ್ಯವಾದಷ್ಟು ಬೇಗ ತಿಳಿಸಿ, ಸಮಯ ಮತ್ತು ಕಾರಣವನ್ನು ದೋಣಿಯ ದಿನಚರಿ ಪುಸ್ತಕದಲ್ಲಿ ಬರೆದಿಡಬೇಕು.

ಪ್ರಶ್ನೆ: ಹಿಂದಿನ ಬಂದರಿನ ನಿರ್ಗಮನ ಪತ್ರ ಎಂದರೇನು? ಹೊರಟ ದೇಶದವರು ಅದನ್ನು ಕೊಡದೇ ಇದ್ದರೆ?

ಉತ್ತರ: ಈ ದೋಣಿ ಇಷ್ಟು ಜನರೊಡನೆ ನಮ್ಮ ಬಂದರಿನಿಂದ ಯಾವ ಬಾಕಿಯೂ ಇಲ್ಲದೆ ಹೊರಟಿದೆ, ಮುಂದಿನ ಬಂದರು ಇಂಥದ್ದು ಎಂದು ಅಲ್ಲಿನ ಅಧಿಕಾರಿಗಳು ಬರೆದುಕೊಡುವ ಪತ್ರವಿದು. ಸ್ಪ್ಯಾನಿಷ್ ಮಾತನಾಡುವ ದೇಶಗಳಲ್ಲಿ ಇದಕ್ಕೆ ಸಾರ್ಪೆ ಎನ್ನುತ್ತಾರೆ, ಮತ್ತು ಇದಿಲ್ಲದೆ ಹೋದವರಿಗೆ ಅಲ್ಲಿ ಬಹಳ ತೊಂದರೆಯಾಗುತ್ತದೆ. ವಿಹಾರ ದೋಣಿ ಹೊರಡುವಾಗ ಯಾವ ಪತ್ರವನ್ನೂ ಕಡ್ಡಾಯ ಮಾಡದ ದೇಶಗಳೂ ಇವೆ. ಅಮೆರಿಕದಲ್ಲಿ ನೋಂದಣಿಯಾದ ವಿಹಾರ ದೋಣಿ ತನ್ನ ದೇಶವನ್ನು ಬಿಡುವಾಗ ಇಂತಹ ವಿಧಿಯನ್ನು ಪೂರೈಸಬೇಕಾಗಿಲ್ಲ. ತೊಡಕು ಇರುವುದು ಇಲ್ಲಿಯೇ. ಪತ್ರ ಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ತಲುಪುವ ದೇಶ, ಆದರೆ ಅದನ್ನು ಪಡೆಯಬೇಕಾದದ್ದು ಬಿಡುವ ದೇಶದಲ್ಲಿ. ಸಾವಿರ ಮೈಲಿ ದಾಟಿದ ಮೇಲೆ ಹಿಂತಿರುಗಿ ಹೋಗಿ ತರುವುದು ಅಸಾಧ್ಯ. ಆದ್ದರಿಂದ ಹೊರಡುವ ದೇಶದವರು ಬೇಡ ಎಂದರೂ ಕಸ್ಟಮ್ಸ್ ಕಚೇರಿಗೆ ಹೋಗಿ, ಮುಂದಿನ ದೇಶದಲ್ಲಿ ಕೇಳುತ್ತಾರೆಂದು ವಿವರಿಸಿ, ಮೊಹರು ಹಾಕಿದ ಕಾಗದವನ್ನು ಕೇಳಿ ಪಡೆಯಬೇಕು. ಪತ್ರ ಸಿಕ್ಕ ಮೇಲೆ ಇಂತಿಷ್ಟು ಗಂಟೆಗಳೊಳಗೆ ಹೊರಡಬೇಕೆಂಬ ನಿಯಮ ಹಲವೆಡೆ ಇರುವುದರಿಂದ, ಹವಾಮಾನವನ್ನು ನೋಡಿಕೊಂಡು ಕಡೆಯ ಗಳಿಗೆಯಲ್ಲಿ ಅರ್ಜಿ ಹಾಕುವುದು ಲೇಸು.

ಪ್ರಶ್ನೆ: ವೀಸಾ ಅವಧಿ ಮುಗಿಯುತ್ತಾ ಬಂದರೆ ದೋಣಿಯನ್ನು ಅಲ್ಲಿಯೇ ಕಟ್ಟಿ, ವಿಮಾನದಲ್ಲಿ ಊರಿಗೆ ಹೋಗಿ ಬರಬಹುದೇ?

ಉತ್ತರ: ಅನೇಕ ದೇಶಗಳಲ್ಲಿ ಬರಬಹುದು, ಆದರೆ ಎರಡು ಗಡಿಯಾರಗಳು ಬೇರೆ ಬೇರೆಯಾಗಿ ಓಡುತ್ತಿವೆ ಎಂಬುದನ್ನು ಮರೆಯಬಾರದು. ಷೆಂಗೆನ್ ದೇಶಗಳಲ್ಲಿ, ಎಂದರೆ ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಟ್ಟ ಯುರೋಪಿನ ದೇಶಗಳಲ್ಲಿ, ಹೊರಗಿನ ಪ್ರವಾಸಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಅದೇ ಪ್ರವಾಸಿಯ ದೋಣಿಯಾದರೆ, ಮಾಲೀಕರು ಐರೋಪ್ಯ ಒಕ್ಕೂಟದ ಹೊರಗಿನ ನಿವಾಸಿಯಾಗಿದ್ದ ಪಕ್ಷದಲ್ಲಿ, ತೆರಿಗೆ ಕಟ್ಟದೆ 18 ತಿಂಗಳು ಒಕ್ಕೂಟದಲ್ಲಿ ಇರಬಹುದು. ಮೆಕ್ಸಿಕೊದಲ್ಲಿ ದೋಣಿಗೆ 10 ವರ್ಷಗಳ ತಾತ್ಕಾಲಿಕ ಆಮದು ಪರವಾನಗಿ ದೊರೆಯುತ್ತದೆ. ಅದರಲ್ಲಿ ಬಂದ ಪ್ರವಾಸಿಗೆ ಹೆಚ್ಚೆಂದರೆ 180 ದಿನ. ಹೀಗೆ ದೋಣಿಯ ಪರವಾನಗಿಯ ದಿನಾಂಕ ನೋಡಿ ನೆಮ್ಮದಿಯಿಂದಿದ್ದವರು ತಮ್ಮದೇ ಅವಧಿ ಮೀರಿ ದಂಡ ತೆರುವುದುಂಟು. ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ದುಬಾರಿಯಾದದ್ದು: ವ್ಯಕ್ತಿ ಹೊರಗೆ ಹೋಗಿ ಬಂದಾಗ ವೀಸಾ ಲೆಕ್ಕ ಹೊಸದಾಗಬಹುದು, ಆದರೆ ಮರೀನಾದಲ್ಲಿ, ಎಂದರೆ ವಿಹಾರ ದೋಣಿಗಳ ತಂಗುದಾಣದಲ್ಲಿ, ಕಟ್ಟಿದ ದೋಣಿ ಆ ದೇಶದಲ್ಲಿಯೇ ಇರುವುದರಿಂದ ಅದರ ಲೆಕ್ಕ ನಿಲ್ಲುವುದಿಲ್ಲ. ಅವಧಿ ಮೀರಿದರೆ ದೋಣಿಯ ಬೆಲೆಯ ಮೇಲೆ ಸುಂಕ ಮತ್ತು ತೆರಿಗೆ ಬೀಳಬಹುದು. ಊರಿಗೆ ಹೋಗುವ ಮುನ್ನ ಕಸ್ಟಮ್ಸ್ ಕಚೇರಿಗೆ ಲಿಖಿತವಾಗಿ ತಿಳಿಸಿ, ಮರೀನಾದ ರಸೀದಿಯನ್ನು ಜೋಪಾನವಾಗಿಡುವಂತೆ ನಿಮ್ಮವರಿಗೆ ಹೇಳಿ.

ಪ್ರಶ್ನೆ: ನನ್ನ ಮಗ ವಿದೇಶದಲ್ಲಿ ಒಬ್ಬರ ಹಾಯಿದೋಣಿಗೆ ಸಿಬ್ಬಂದಿಯಾಗಿ ಸೇರಿ ಸಮುದ್ರ ದಾಟಬೇಕೆಂದಿದ್ದಾನೆ. ಹೋಗುವ ವಿಮಾನದ ಟಿಕೆಟ್ ಮಾತ್ರ ಕೊಂಡರೆ ಸಾಕೇ? ಮನಸ್ಸು ಬದಲಾದರೆ ನಡುವೆ ಇಳಿದುಬಿಡಬಹುದೇ?

ಉತ್ತರ: ಹಿಂದಿರುಗುವ ಟಿಕೆಟ್ ಇಲ್ಲದವರನ್ನು ವಿಮಾನ ಸಂಸ್ಥೆಗಳು ಹತ್ತಿಸಿಕೊಳ್ಳಲು ಹಿಂಜರಿಯುತ್ತವೆ. ಇವರು ನನ್ನ ದೋಣಿಯಲ್ಲಿ ದೇಶ ಬಿಡಲಿದ್ದಾರೆ ಎಂದು ಕ್ಯಾಪ್ಟನ್ ಸಹಿ ಮಾಡಿದ ಪತ್ರ, ಜೊತೆಗೆ ದೋಣಿಯ ನೋಂದಣಿ ಪತ್ರದ ಪ್ರತಿ ಇದ್ದರೆ ಅನುಕೂಲ. ಆದರೂ ಅದನ್ನು ಒಪ್ಪುತ್ತಾರೆಯೇ ಎಂದು ಸಂಸ್ಥೆಯನ್ನೂ ಆ ದೇಶದ ರಾಯಭಾರ ಕಚೇರಿಯನ್ನೂ ಮೊದಲೇ ಕೇಳಿಕೊಳ್ಳಬೇಕು. ಹೇಳದೆ ಕೇಳದೆ ಇಳಿಯುವುದಂತೂ ಕೂಡದು. ಸಿಬ್ಬಂದಿ ಪಟ್ಟಿಯಲ್ಲಿ ಹೆಸರಿರುವವರೆಗೆ ಅವನನ್ನು ದೇಶದಿಂದ ಹೊರಗೆ ಕರೆದೊಯ್ಯುವ ಹೊಣೆ ಸಾಮಾನ್ಯವಾಗಿ ಕ್ಯಾಪ್ಟನ್‌ನದು. ನಾಲ್ವರು ಬಂದು ಮೂವರು ಹೊರಟರೆ ಆ ದೋಣಿಗೆ ನಿರ್ಗಮನ ಪತ್ರ ಸಿಗುವುದೇ ಕಷ್ಟ. ಇಬ್ಬರೂ ಒಟ್ಟಿಗೆ ಇಮಿಗ್ರೇಷನ್ ಕಚೇರಿಗೆ ಹೋಗಿ, ಮುಂದಿನ ಪ್ರಯಾಣದ ಟಿಕೆಟ್ ತೋರಿಸಿ, ಪಟ್ಟಿಯಿಂದ ಹೆಸರು ತೆಗೆಸಿ, ಪಾಸ್‌ಪೋರ್ಟಿನಲ್ಲಿ ಅಗತ್ಯವಾದ ಮುದ್ರೆ ಹಾಕಿಸಿಕೊಳ್ಳಬೇಕು. ಈ ಕಾರಣಕ್ಕಾಗಿಯೇ ಪಾಸ್‌ಪೋರ್ಟ್ ತನ್ನ ಬಳಿಯೇ ಇರುವಂತೆಯೂ, ಹಿಂದಿರುಗುವ ಖರ್ಚಿನ ಹಣವನ್ನು ಬೇರೆಯಾಗಿ ಎತ್ತಿಟ್ಟಿರುವಂತೆಯೂ ಮಗನಿಗೆ ಹೇಳಿ.

ಪ್ರಶ್ನೆ: ದೋಣಿಯಲ್ಲಿರುವ ಆಹಾರ, ಔಷಧ, ಸಾಕುನಾಯಿ ಇವುಗಳನ್ನೂ ಘೋಷಿಸಬೇಕೇ?

ಉತ್ತರ: ಎಲ್ಲವನ್ನೂ ಘೋಷಿಸಬೇಕು. ಹಣ್ಣು, ತರಕಾರಿ, ಮಾಂಸ, ಜೇನುತುಪ್ಪಗಳನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ ವಶಪಡಿಸಿಕೊಳ್ಳುವ ಸಂಭವ ಹೆಚ್ಚು, ಆದ್ದರಿಂದ ತಲುಪುವ ಹೊತ್ತಿಗೆ ಇವು ಮುಗಿಯುವಂತೆ ಲೆಕ್ಕ ಹಾಕಿ ತುಂಬಿಸಿಕೊಳ್ಳುವುದು ಸರಿ. ಔಷಧಗಳಿಗೆ ವೈದ್ಯರ ಚೀಟಿ ಇರಬೇಕು. ನಾಯಿಗೆ ಲಸಿಕೆಯ ದಾಖಲೆ ಇದ್ದರೂ ದಡಕ್ಕೆ ಇಳಿಸಲು ಪ್ರತ್ಯೇಕ ಅನುಮತಿ ಬೇಕಾಗುತ್ತದೆ. ಬಂದೂಕನ್ನು ಮುಚ್ಚಿಟ್ಟರೆ ಸೆರೆವಾಸದವರೆಗೆ ಹೋಗಬಹುದು. ಉಪಗ್ರಹ ಫೋನು ಸಮುದ್ರಯಾನಿಗಳಿಗೆ ಜೀವರಕ್ಷಕವಾದರೂ ಭಾರತವೂ ಸೇರಿದಂತೆ ಕೆಲವು ದೇಶಗಳಲ್ಲಿ ಪೂರ್ವಾನುಮತಿಯಿಲ್ಲದೆ ಬಳಸುವುದು ಅಪರಾಧ.

ನೀವು ಕೇಳದ ಒಂದು ವಸ್ತುವಿದೆ: ದೋಣಿಯ ತಳಕ್ಕೆ ಅಂಟಿ ಬರುವ ಜೀವಿಗಳು. ಪಾಚಿ ಮತ್ತು ಚಿಪ್ಪುಜೀವಿಗಳು ಒಂದು ಸಮುದ್ರದಿಂದ ಇನ್ನೊಂದಕ್ಕೆ ಹೋಗಿ ಸ್ಥಳೀಯ ಜೀವಿಗಳನ್ನು ಅಳಿಸಿಹಾಕುವ ಅಪಾಯ ನಿಜವಾದದ್ದು. ಗಲಪಗೋಸ್ ದ್ವೀಪಗಳಲ್ಲಿ ಮುಳುಗುಗಾರರು ದೋಣಿಯ ತಳವನ್ನು ಪರೀಕ್ಷಿಸಿ, ಕೊಳೆಯಾಗಿದ್ದರೆ ಸ್ವಚ್ಛಗೊಳಿಸಿಕೊಂಡು ಬರುವಂತೆ ಮರಳಿ ಸಮುದ್ರಕ್ಕೆ ಕಳುಹಿಸುತ್ತಾರೆ. ನ್ಯೂಜಿಲೆಂಡ್ 2018ರಿಂದ ಶುಚಿಯಾದ ತಳವನ್ನು ಕಡ್ಡಾಯ ಮಾಡಿದೆ, ಮತ್ತು ಅಲ್ಲಿಗೆ ಹೋಗುವವರು ತಲುಪುವುದಕ್ಕೆ ಕನಿಷ್ಠ 48 ಗಂಟೆ ಮೊದಲು ಆಗಮನದ ಸೂಚನೆಯನ್ನೂ ಕಳುಹಿಸಬೇಕು. ತಳ ಶುಚಿಗೊಳಿಸಿ ಬಣ್ಣ ಬಳಿಸಿದ ಬಿಲ್ಲು, ಅದರ ದಿನಾಂಕ ಮತ್ತು ನೀರಿನಡಿಯಲ್ಲಿ ತೆಗೆದ ಚಿತ್ರಗಳು ಅಲ್ಲಿ ಪುರಾವೆಯಾಗಿ ನೆರವಾಗುವುದರಿಂದ ಅವನ್ನೂ ನೋಂದಣಿ ಪತ್ರದ ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು.