ಹಳ್ಳಿಗೆ ಇಷ್ಟೇ ಸಾಕು ಅಂತ ಹೇಳುವವರು ಯಾರು?

ಜಗಳೂರು ತಾಲ್ಲೂಕಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಪಂಚಾಯಿತಿ ಪಂಚಾಯಿತಿಗೂ ಸರ್ಕಾರ ಇಂಟರ್‌ನೆಟ್ ಕೇಬಲ್ ಎಳೆಯುತ್ತಿದೆ. ನಮ್ಮೂರ ಹುಡುಗರ ಕೈಯಲ್ಲೆಲ್ಲ ಮೊಬೈಲ್ ಇದೆ, ದಿನಪೂರ್ತಿ ರೀಲ್ಸ್ ನೋಡುತ್ತಾರೆ. ಇನ್ನು ಕೇಬಲ್ ಯಾಕೆ? ಆ ದುಡ್ಡಲ್ಲಿ ಕುಡಿಯುವ ನೀರು ಕೊಡಬಾರದೇ? ಬೇಕಾದವರಿಗೆ ಖಾಸಗಿ ಕಂಪನಿಯವರು ಕೊಡುತ್ತಾರೆ. ಇದನ್ನು ಪತ್ರಿಕೆಯವರು ಕೇಳಬೇಕಲ್ಲವೇ?"

ಮೇಷ್ಟ್ರೇ, ಸರ್ಕಾರದ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಲೆಕ್ಕ ಕೇಳುವ ಓದುಗರು ನಮಗೆ ಬೇಕು. ನಿಮ್ಮ ಪತ್ರವನ್ನು ಪೂರ್ತಿ ಓದಿದೆ. ಜಗಳೂರಿನವರು ನೀರಿನ ಮಾತೆತ್ತಿದರೆ ಎದುರಾಡುವ ಬಾಯಿ ನನಗಿಲ್ಲ. ನೀರು ಮೊದಲು, ಒಪ್ಪಿದೆ. ಆದರೆ ಈ ಕೇಬಲ್ಲಿನ ದುಡ್ಡು ನೀರಿನ ದುಡ್ಡಲ್ಲ. ಟೆಲಿಕಾಂ ಕಂಪನಿಗಳ ವರಮಾನದಲ್ಲಿ ಶೇಕಡಾ 5ರಷ್ಟನ್ನು ಸರ್ಕಾರ ಒಂದು ನಿಧಿಗೆ ತೆಗೆದಿಡುತ್ತದೆ. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. ಕಂಪನಿಗಳು ತಾವಾಗಿ ಹೋಗದ ಊರುಗಳಿಗೆ ಸಂಪರ್ಕ ಕೊಡಲಿಕ್ಕೇ ಇರುವ ನಿಧಿ ಅದು. ನೀವೂ ನಾನೂ ಮಾಡಿಸುವ ರೀಚಾರ್ಜ್‌ನಲ್ಲೇ ಅದರ ಪಾಲಿದೆ. ಅದು ಹಳ್ಳಿಯ ಹಕ್ಕಿನ ದುಡ್ಡು. ಅದನ್ನು ಬೇಡ ಅನ್ನಬೇಡಿ.

ಹಾಗಂತ ಈ ಯೋಜನೆಯಲ್ಲಿ ಹುಳುಕೇ ಇಲ್ಲ ಅಂತಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು. ದೇಶದ ಸುಮಾರು 2.5 ಲಕ್ಷ ಪಂಚಾಯಿತಿಗಳಿಗೆ ಕೇಬಲ್ ಮುಟ್ಟಿಸುವ ಗುರಿ. ಆಮೇಲೆ ಭಾರತ್‌ನೆಟ್ ಅಂತ ಹೆಸರಾಯಿತು. ಗಡುವು ಮೇಲಿಂದ ಮೇಲೆ ಮುಂದಕ್ಕೆ ಹೋಯಿತು. ಚಳ್ಳಕೆರೆ ಕಡೆಯ ಒಂದು ಪಂಚಾಯಿತಿ ಕಚೇರಿಯಲ್ಲಿ ಆ ಕೇಬಲ್ ಬಂದು ಸೇರುವ ಪೆಟ್ಟಿಗೆ ನೋಡಿದ್ದೇನೆ. ಗೋಡೆಗೆ ಬಡಿದ ಕಬ್ಬಿಣದ ಪೆಟ್ಟಿಗೆ, ಅದರ ಬಾಗಿಲಿಗೆ ಸೊಸೈಟಿಯವರು ಕೊಟ್ಟ ಕ್ಯಾಲೆಂಡರ್ ನೇತು ಹಾಕಿದ್ದರು. ಒಳಗೆ ಬ್ಯಾಟರಿ ಊದಿಕೊಂಡಿತ್ತು. ಪಕ್ಕದ ಮೇಜಿನಲ್ಲಿ ಡಾಟಾ ಎಂಟ್ರಿ ಹುಡುಗ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿಕೊಂಡು ಇ-ಸ್ವತ್ತು ಕೆಲಸ ಮಾಡುತ್ತಿದ್ದ. ರೀಚಾರ್ಜ್ ಅವನದೇ ಜೇಬಿನಿಂದ. "ರಸ್ತೆ ಅಗಲ ಮಾಡುವಾಗ ಜೆಸಿಬಿ ಕೇಬಲ್ ಕಿತ್ತಾಕ್ತು ಸಾರ್, ಆಮೇಲೆ ಯಾರೂ ಬಂದಿಲ್ಲ" ಅಂದ.

ಇದೇ ಈ ಯೋಜನೆಯ ಮುಖ್ಯ ರೋಗ. ಕೇಬಲ್ ಹಾಕಲು ದುಡ್ಡು ಬಂತು, ಟೆಂಡರ್ ಆಯಿತು, ಫೋಟೋನೂ ಆಯಿತು. ಅದನ್ನು ಕಾಯುವವರು ಯಾರು ಅಂತ ಗಟ್ಟಿಯಾಗಿ ಬರೆದಿಡಲಿಲ್ಲ. ಬಹಳ ಕಡೆ ತಾಲ್ಲೂಕಿನಿಂದ ಒಂದೇ ಎಳೆ ಊರಿಂದೂರಿಗೆ ಹೋಗುತ್ತದೆ. ನಡುವೆ ಒಂದು ಕಡೆ ತುಂಡಾದರೆ ಮುಂದಿನವರೆಲ್ಲ ಕತ್ತಲೆಗೆ. ರಸ್ತೆಯವರು ಅಗೆಯುತ್ತಾರೆ, ನೀರಿನ ಪೈಪಿನವರೂ ಅಗೆಯುತ್ತಾರೆ, ಕೆಳಗೆ ಕೇಬಲ್ ಇದೆ ಅಂತ ಒಬ್ಬರು ಇನ್ನೊಬ್ಬರಿಗೆ ಹೇಳುವುದಿಲ್ಲ. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಹೊಸ ರೂಪಕ್ಕೆ ಒಪ್ಪಿಗೆ ಸಿಕ್ಕಿದೆ. ಅದರಲ್ಲಿ ಕೇಬಲ್ಲನ್ನು ಬಳೆಯ ಹಾಗೆ ಸುತ್ತು ಹಾಕಿಸಿ, ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಬರುವಂತೆ ಮಾಡುತ್ತಾರೆ. ಹತ್ತು ವರ್ಷ ನಿರ್ವಹಣೆಯ ಹೊಣೆಯೂ ಗುತ್ತಿಗೆಯೊಳಗೇ ಇದೆ. ಇದು ಮೊದಲೇ ಆಗಬೇಕಿತ್ತು.

ಆದರೆ ಕೆಟ್ಟು ನಿಂತಿದೆ ಅಂದ ಮಾತ್ರಕ್ಕೆ ಬೇಡ ಅನ್ನುವುದೇ? ಭದ್ರಾ ನಾಲೆಯನ್ನೇ ನೋಡಿ. ಕೊನೆ ಭಾಗದ ರೈತರಿಗೆ ನೀರು ಮುಟ್ಟುವುದಿಲ್ಲ ಅಂತ ದಾವಣಗೆರೆಯಲ್ಲಿ ಮತ್ತೆ ಮತ್ತೆ ಹೋರಾಟ ಆಗುತ್ತದೆ. ರಸ್ತೆ ತಡೆ ಮಾಡುತ್ತಾರೆ, ಡಿಸಿ ಕಚೇರಿ ಮುಂದೆ ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ನಾಲೆ ಮುಚ್ಚಿ ಅಂದಿದ್ದಾರಾ? ಹೂಳು ತೆಗೆಸಿ, ಮೇಲೆ ಅಕ್ರಮ ಪಂಪ್‌ಸೆಟ್ ಕೀಳಿಸಿ, ನಮ್ಮ ಪಾಲು ಬಿಡಿ ಅಂತಾರೆ. ಕೇಬಲ್ ವಿಷಯದಲ್ಲೂ ನಾವು ಕೇಳಬೇಕಾದ್ದು ಅದನ್ನೇ.

ಇನ್ನು ನಿಮ್ಮ ಮೊಬೈಲ್ ಮಾತು. ಊರ ಟವರ್ ಗಾಳಿಯಿಂದ ಇಂಟರ್‌ನೆಟ್ ಹುಟ್ಟಿಸುವುದಿಲ್ಲ ಮೇಷ್ಟ್ರೇ. ಟವರಿನ ಹಿಂದೆ ಕೇಬಲ್ ಇದ್ದರೆ ವೇಗ. ಇಲ್ಲದಿದ್ದರೆ ಇನ್ನೊಂದು ಟವರಿನಿಂದ ಮೈಕ್ರೋವೇವ್‌ನಲ್ಲಿ ಬಂದಷ್ಟನ್ನೇ ಊರೆಲ್ಲ ಹಂಚಿಕೊಳ್ಳಬೇಕು. ಸಂಜೆ ಏಳಕ್ಕೆ ಎಲ್ಲರೂ ಫೋನ್ ಹಿಡಿದಾಗ ಗಿರ್ರ್ ಅಂತ ಸುತ್ತುತ್ತಾ ಕೂರುವುದು ಅದಕ್ಕೇ. ಒಬ್ಬ ಹುಡುಗ ಒಂದು ರೀಲ್ ನೋಡುವುದೇ ಬೇರೆ, ಶಾಲೆಯ ಮೂವತ್ತು ಮಕ್ಕಳು ಒಟ್ಟಿಗೆ ಕೂತು ಪಾಠ ನೋಡುವುದೇ ಬೇರೆ. 2020ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ್ದನ್ನು ನೀವೂ ಓದಿದ್ದೀರಿ. ಆಗಲೂ ಅವರ ಕೈಯಲ್ಲಿ ಮೊಬೈಲ್ ಇತ್ತು. ಆ ಮಕ್ಕಳನ್ನು ರೀಲ್ಸ್ ನೋಡುವವರು ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ. ಪಾಠ ಹೇಳಿದ ನಿಮ್ಮಿಂದ ಆ ಮಾತು ಬರಬಾರದಿತ್ತು.

ಮಕ್ಕಳ ಮಾತು ಬಿಡಿ, ದೊಡ್ಡವರ ಕೂಲಿಯೂ ಇದಕ್ಕೆ ಕಟ್ಟಿಕೊಂಡಿದೆ. ಉದ್ಯೋಗ ಖಾತ್ರಿ ಹಾಜರಿಯನ್ನು 2023ರಿಂದ ಮೊಬೈಲ್ ಆ್ಯಪ್‌ನಲ್ಲೇ ಹಾಕಬೇಕು ಅಂತಾಯಿತು, ದಿನಕ್ಕೆ ಎರಡು ಫೋಟೋ. ಹಿರಿಯೂರು ಕಡೆಯ ಕಾಯಕ ಬಂಧು, ಅಂದರೆ ಕೂಲಿಯವರ ಗುಂಪು ನೋಡಿಕೊಳ್ಳುವ ಹೆಣ್ಣುಮಗಳೊಬ್ಬಳು, ಫೋಟೋ ಹೋಗಲಿ ಅಂತ ಕೆರೆ ಏರಿ ಮೇಲೆ ನಿಂತು ಫೋನನ್ನು ತಲೆಯ ಮೇಲೆತ್ತಿ ಹಿಡಿದಿದ್ದಳು. ಕೆಳಗೆ ಗುದ್ದಲಿ ಊರಿಕೊಂಡು ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೆ ಕುತ್ತು. ರೇಷನ್ ಅಂಗಡಿಯಲ್ಲಿ ಬೆರಳಿಟ್ಟರೆ "ಸರ್ವರ್ ಇಲ್ಲ, ನಾಳೆ ಬಾ". ಪಹಣಿ, ಬೆಳೆ ಸಮೀಕ್ಷೆ, ವಿದ್ಯಾರ್ಥಿ ವೇತನ, ಯಾವುದು ಆನ್‌ಲೈನ್ ಆಗಿಲ್ಲ ಹೇಳಿ. ಎಲ್ಲವನ್ನೂ ಆನ್‌ಲೈನ್ ಮಾಡಿದ ಸರ್ಕಾರವೇ ಅದಕ್ಕೆ ದಾರಿಯನ್ನೂ ಮಾಡಿಕೊಡಬೇಕು. ಅದನ್ನು ಜನ ಜೇಬಿನಿಂದ ಮಾಡಿಕೊಳ್ಳಲಿ ಅನ್ನುವುದು ಅನ್ಯಾಯ.

ಖಾಸಗಿಯವರು ಕೊಡುತ್ತಾರೆ ಅಂತೀರಿ. ದಾವಣಗೆರೆಯ ವಿದ್ಯಾನಗರದಲ್ಲೋ ಪಿ.ಜೆ. ಬಡಾವಣೆಯಲ್ಲೋ ಒಂದು ಕಂಬ ನೋಡಿ, ಎಷ್ಟು ಕಂಪನಿಗಳ ವೈರು ಜೋತುಬಿದ್ದಿವೆ. ಮೊಳಕಾಲ್ಮೂರು ಕಡೆಯ ನಲವತ್ತು ಮನೆಯ ಹಟ್ಟಿಗೆ ಅವರಲ್ಲಿ ಯಾರು ಬರುತ್ತಾರೆ? ಕಂಪನಿಯನ್ನು ಬೈದು ಉಪಯೋಗವಿಲ್ಲ, ಅವರ ಲೆಕ್ಕಕ್ಕೆ ಹಟ್ಟಿ ಗಿಟ್ಟುವುದಿಲ್ಲ. ವಿದ್ಯುತ್ ಕಥೆಯೂ ಹೀಗೇ ಆಯಿತು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ. ಹಳ್ಳಿಯ ಸರದಿ ಬರಲು ದಶಕಗಳೇ ಬೇಕಾದವು, ಅದೂ ಸರ್ಕಾರದ ದುಡ್ಡಿನಿಂದ. ಅಮೆರಿಕದಲ್ಲೂ 1930ರ ದಶಕದಲ್ಲಿ ಹತ್ತರಲ್ಲಿ ಒಂಬತ್ತು ರೈತರ ಮನೆಗೆ ಕರೆಂಟಿರಲಿಲ್ಲ. ರೂಸ್‌ವೆಲ್ಟ್ 1935ರಲ್ಲಿ ಗ್ರಾಮೀಣ ವಿದ್ಯುದೀಕರಣಕ್ಕೆ ಸಂಸ್ಥೆ ಕಟ್ಟಿ, ರೈತರ ಸಹಕಾರ ಸಂಘಗಳಿಗೆ ಸಾಲ ಕೊಡಿಸಿದ ಮೇಲೆ ಲೈನು ಎಳೆದರು.

ಖಾಸಗಿಯವರಿಗೆ ಜಾಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರಾಡಳಿತ 1994ರಲ್ಲಿ ಸ್ಟೋಕಾಬ್ ಅನ್ನುವ ತನ್ನದೇ ಕಂಪನಿ ಕಟ್ಟಿ ಊರಿಗೆಲ್ಲ ಕೇಬಲ್ ಹಾಕಿಸಿತು. ಎಲ್ಲ ಕಂಪನಿಗಳಿಗೂ ಅದನ್ನು ಬಾಡಿಗೆಗೆ ಕೊಡುತ್ತದೆ. ಪಕ್ಕದ ಕೇರಳ ತನ್ನ ವಿದ್ಯುತ್ ಮಂಡಳಿಯ ಕಂಬಗಳ ಮೇಲೆ ಕೇಬಲ್ ಎಳೆದು 2023ರ ಜೂನ್‌ನಲ್ಲಿ ಕೆಫೋನ್ ಅನ್ನುವ ತನ್ನದೇ ಇಂಟರ್‌ನೆಟ್ ಜಾಲ ಶುರು ಮಾಡಿತು. ಬಡ ಮನೆಗಳಿಗೆ ಪುಕ್ಕಟೆ ಸಂಪರ್ಕ ಕೊಡುವುದು ಅದರ ಗುರಿ. ದಾರಿ ಊರಿನದಾಗಿರಲಿ, ಗಾಡಿ ಯಾರದಾದರೂ ಓಡಲಿ.

ನನಗೆ ನಿಜವಾಗಿ ನೋವು ಕೊಟ್ಟಿದ್ದು ನಿಮ್ಮ ಪತ್ರದ ಒಳಗಿರುವ "ಹಳ್ಳಿಗೆ ಇಷ್ಟೇ ಸಾಕು" ಅನ್ನುವ ಭಾವ. ಇದನ್ನು ಪಟ್ಟಣದವರು ಹೇಳಿ ಹೇಳಿ ಹಳ್ಳಿಯವರೂ ನಂಬಿಬಿಟ್ಟಿದ್ದಾರೆ. ಹಳ್ಳಿಗೆ ಹಳೇ ಬಸ್ಸು ಸಾಕು. ವಾರದಲ್ಲಿ ಎರಡು ದಿನ ಡಾಕ್ಟರು ಸಾಕು. ಗ್ರಂಥಾಲಯಕ್ಕೆ ನಿನ್ನೆಯ ಪೇಪರ್ ಸಾಕು. ನಮ್ಮ ಪತ್ರಿಕೆಯ ಹಬ್ಬದ ಸಂಚಿಕೆ ಹಬ್ಬ ಮುಗಿದ ಮೇಲೆ ಕೈಗೆ ಬಂದರೂ ಸಾಕು. ಚಳ್ಳಕೆರೆಯ ಅಮೃತ್ ಮಹಲ್ ಕಾವಲನ್ನೇ ನೋಡಿ. ದನ ಕುರಿ ಮೇಯುತ್ತಿದ್ದ ಸಾವಿರಾರು ಎಕರೆ ಹುಲ್ಲುಗಾವಲನ್ನು ಐಐಎಸ್‌ಸಿ, ಇಸ್ರೋ, ಡಿಆರ್‌ಡಿಓ, ಬಾರ್ಕ್‌ಗಳಿಗೆ ಕೊಟ್ಟೆವು. ದೇಶದ ವಿಜ್ಞಾನಕ್ಕೆ ಜಾಗ ಕೊಟ್ಟ ಊರುಗಳ ಮಕ್ಕಳು ಆ ವಿಜ್ಞಾನದ ಒಂದು ಪಾಠವನ್ನು ತಮ್ಮ ಶಾಲೆಯಲ್ಲಿ ಕೂತು ತಡೆಯಿಲ್ಲದೆ ಕೇಳುವುದು ಬೇಡವಾ?

1986ರಲ್ಲಿ ಕೇಂದ್ರ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್ ನಮ್ಮ ಕಿತ್ತೂರಿನಲ್ಲೇ ತನ್ನ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಕೂರಿಸಿತು. ಎಸಿ ಇಲ್ಲದೆ, ಹಳ್ಳಿಯ ಧೂಳು ಬಿಸಿಲಲ್ಲೂ ನಡೆಯುವಂಥ ಯಂತ್ರ. ಹಳ್ಳಿಗೇನು ಬೇಕು ಅಂತ ಮೊದಲು ಯೋಚಿಸಿ ಮಾಡಿದ ಯಂತ್ರ ಅದು. ಸರ್ಕಾರಿ ದುಡ್ಡಲ್ಲೇ ಆಗಿದ್ದು.

ಈಗ ನಿಮ್ಮಿಂದ ಒಂದು ಕೆಲಸ ಆಗಬೇಕು ಮೇಷ್ಟ್ರೇ. ನಿಮ್ಮ ಮಾತಿಗೆ ಊರಲ್ಲಿ ತೂಕ ಇದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ನಮ್ಮ ಪಂಚಾಯಿತಿಯ ಪೆಟ್ಟಿಗೆ ನಡೆಯುತ್ತಿದೆಯಾ? ನಿಂತಿದ್ದರೆ ಎಂದಿನಿಂದ? ದುರಸ್ತಿ ಯಾರ ಹೊಣೆ? ಶಾಲೆಗೂ ಅರಿವು ಕೇಂದ್ರಕ್ಕೂ (ಪಂಚಾಯಿತಿ ಗ್ರಂಥಾಲಯಕ್ಕೂ) ಲೈನು ಯಾಕೆ ಎಳೆದಿಲ್ಲ? ಪಿಡಿಓ ಕೊಡುವ ಉತ್ತರವನ್ನು ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ನಮಗೆ ಕಳಿಸಿ. ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ