ಅರವತ್ತು ದಾಟಿದ ಮೇಲೆ ಓಡಿಸಲು ಯಾವ ಸೈಕಲ್ ಹಿತ?

ಅಡ್ಡ ಬಾರ್ ಇಲ್ಲದ, ಹ್ಯಾಂಡಲ್ ಸೀಟಿಗಿಂತ ತುಸು ಎತ್ತರವಿರುವ ಸೈಕಲ್ ಕೊಳ್ಳಿ. ಅಂಗಡಿಯವರು ಅದನ್ನು ‘ಲೇಡೀಸ್ ಸೈಕಲ್’ ಎಂದರೆ ಗಂಡಸರು ಸಂಕೋಚಪಡಬೇಕಾಗಿಲ್ಲ. ಒಂಟಿ ಕಾಲಿನಲ್ಲಿ ನಿಂತು ಇನ್ನೊಂದನ್ನು ಹಿಂದಿನಿಂದ ಬೀಸಿ ಹತ್ತುವಾಗ ಆಯತಪ್ಪುವುದು ಸುಲಭ. ಬಾರ್ ಇಲ್ಲದಿದ್ದರೆ ಆ ಕಸರತ್ತೇ ಬೇಡ. ಹ್ಯಾಂಡಲ್ ಎತ್ತರವಿದ್ದರೆ ಬೆನ್ನು ನೆಟ್ಟಗಾಗಿ, ಮೈಭಾರ ಮಣಿಕಟ್ಟಿನಿಂದ ಸೀಟಿಗೆ ಇಳಿಯುತ್ತದೆ. ಹಾಗಾಗಿ ಸೀಟು ಅಗಲವಿರಲಿ.

ಬೀಳುವ ಭಯಕ್ಕೆ ಸೀಟನ್ನು ತೀರಾ ತಗ್ಗಿಸಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಆಗ ಮಂಡಿ ಅತಿಯಾಗಿ ಮಡಚಿ, ಪ್ರತಿ ತುಳಿತಕ್ಕೂ ಚಿಪ್ಪಿನ ಮೇಲೆ ಒತ್ತಡ ಬೀಳುತ್ತದೆ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟು ನೋಡಿ: ಕಾಲು ನೇರವಾದರೆ ಸೀಟಿನ ಎತ್ತರ ಸರಿಯಿದೆ. ಮುಂಗಾಲಿನಿಂದ ತುಳಿಯುವಾಗ ಮಂಡಿ ತುಸುವೇ ಬಾಗಿರುತ್ತದೆ.