ಹೋಟೆಲ್‌ಗಳ ಕರಿದ ಎಣ್ಣೆಯಿಂದ ವಿಮಾನ ಇಂಧನ ಮಾಡುವ ಘಟಕ ಕುಮಟಾದಲ್ಲಿ ಹಾಕಿದರೆ ಸಬ್ಸಿಡಿ ಎಷ್ಟು ಸಿಗುತ್ತದೆ?

ಘಟಕ ಹಾಕಲೇಬೇಡಿ ಮಾರಾಯ್ರೆ. ಈ ಕರಾವಳಿಯಲ್ಲಿ ಕರಿದ ಎಣ್ಣೆಗೆ ಕೈಹಾಕಿದವರೆಲ್ಲ ಮೊದಲು ಹಾಕುವ ಲೆಕ್ಕ ಇದೇ. ನಾನೂ ಹಾಕಿದ್ದೆ.

ಕೇಂದ್ರದ ಪಿಎಂ ಜೀ-ವನ್ ಯೋಜನೆಯಲ್ಲಿ ಒಂದು ವಾಣಿಜ್ಯ ಘಟಕಕ್ಕೆ ಗರಿಷ್ಠ 150 ಕೋಟಿ ರೂಪಾಯಿ ಇದೆ, 2024ರಲ್ಲಿ ಅವಧಿಯನ್ನು 2028-29ರವರೆಗೆ ವಿಸ್ತರಿಸಿದ್ದಾರೆ. ಅದು ಮುಖ್ಯವಾಗಿ ಕೃಷಿ, ಅರಣ್ಯದ ಉಳಿಕೆಯಿಂದ ಇಂಧನ ತೆಗೆಯುವ ದೊಡ್ಡ ಕಂಪನಿಗಳಿಗೆ. ಹಳಿಯಾಳದ ಕಬ್ಬಿನ ಸಿಪ್ಪೆಗೆ ಹೊಂದೀತು, ಕುಮಟಾದ ಬನ್ಸ್ ಕರಿದ ಎಣ್ಣೆಗಲ್ಲ.

ಎಣ್ಣೆಗೆ ಮೆಥನಾಲ್ ಸೇರಿಸಿದರೆ ಬರುವುದು ಬಯೋಡೀಸೆಲ್. ವಿಮಾನ ಇಂಧನದಲ್ಲಿ ಅದು ಕಿಲೋಗೆ 50 ಮಿಲಿಗ್ರಾಂ ದಾಟುವಂತಿಲ್ಲ! ನಿಮಗೆ ಬೇಕಾದದ್ದಕ್ಕೆ ಹೆಚ್ಚಿನ ಒತ್ತಡದಲ್ಲಿ ಹೈಡ್ರೋಜನ್ ಹಾಯಿಸಬೇಕು, ಆಮೇಲೆ ಮೈನಸ್ 47 ಡಿಗ್ರಿಯಲ್ಲೂ ಹೆಪ್ಪುಗಟ್ಟದ ಹಾಗೆ ಅಣುರಚನೆ ಬದಲಿಸಬೇಕು. ಅದು ರಿಫೈನರಿ ಕೆಲಸ. ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿ ಕರಿದ ಎಣ್ಣೆಯಿಂದ ವರ್ಷಕ್ಕೆ 35,000 ಟನ್ ಗುರಿ ಇಟ್ಟುಕೊಂಡಿದೆ. ದಿನಕ್ಕೆ ಸುಮಾರು 96 ಟನ್ ಇಂಧನವಾಯಿತು, ಎಣ್ಣೆ ಅದಕ್ಕಿಂತ ಹೆಚ್ಚು ಬೇಕು. ಭಟ್ಕಳದಿಂದ ಕಾರವಾರದವರೆಗಿನ ಬಾಣಲೆಗಳನ್ನೆಲ್ಲ ಬಗ್ಗಿಸಿದರೂ ಅಷ್ಟಾಗದು.

ಹಾಗಾಗಿ ಎಣ್ಣೆ ಮಾರುವವರಾಗಿ. ಸರ್ಕಾರದ ನಿಜವಾದ ಬೆಂಬಲ ಇರುವುದು ಬೇಡಿಕೆಯಲ್ಲಿ: ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2, 2030ರಲ್ಲಿ ಶೇ 5ರಷ್ಟು ಇಂಥ ಇಂಧನ ಬೆರೆಸುವ ಗುರಿ. ಪೂರೈಕೆಯ ಕಡೆಗೂ ಒಂದು ನಿಯಮವಿದೆ. ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವ ಹೋಟೆಲ್ ಲೆಕ್ಕ ಇಡಬೇಕು, ಕರಿದದ್ದನ್ನು ಅಧಿಕೃತ ಸಂಗ್ರಾಹಕರಿಗೇ ಕೊಡಬೇಕು ಎನ್ನುತ್ತದೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ. ಅಂಥ ಸಂಗ್ರಾಹಕರಾಗಿ ನೋಂದಣಿ ಮೊದಲು ಮಾಡಿಸಿ.

ದುಡ್ಡು ಮುಳುಗುವುದು ಎಲ್ಲಿ ಗೊತ್ತೇ? ಮೊದಲು ಟ್ಯಾಂಕ್ ತುಂಬಿಸೋಣ, ಸರ್ಟಿಫಿಕೇಟ್ ಆಮೇಲೆ ನೋಡೋಣ ಎನ್ನುವಲ್ಲಿ. ವಿಮಾನ ಇಂಧನಕ್ಕೆ ಕೊಳ್ಳುವವರು ಎಣ್ಣೆಯ ಮೂಲವನ್ನು ಖಾತ್ರಿಪಡಿಸುವ ಐಎಸ್‌ಸಿಸಿಯಂಥ ಪ್ರಮಾಣಪತ್ರ ಕೇಳುತ್ತಾರೆ, ಅದು ಹಿಂದಿನ ತಾರೀಖಿಗೆ ಅನ್ವಯಿಸುವುದಿಲ್ಲ. ಎಣ್ಣೆ ಅದೇ, ಹೋಟೆಲ್ ಅದೇ, ಆದರೂ ಪ್ರಮಾಣಪತ್ರಕ್ಕೆ ಮುಂಚೆ ತಂದದ್ದು ಕಾಗದದ ಮೇಲೆ ಬರೀ ಎಣ್ಣೆ. ಸಾಬೂನಿನವರ ದರಕ್ಕೆ ಹೋಗುತ್ತದೆ. ಪ್ರತಿ ಹೋಟೆಲ್‌ನಿಂದ ಸಹಿ ಮಾಡಿದ ಸ್ವಯಂ ಘೋಷಣೆ ಬೇಕು, ಪ್ರತಿ ಸಲ ತಾರೀಖು, ತೂಕ ಬರೆದ ಚೀಟಿ ಬೇಕು. ತಿಂಗಳಿಗೆ 5 ಟನ್‌ಗಿಂತ ಕಡಿಮೆ ಕೊಡುವ ಕಡೆ ಸಾಮಾನ್ಯವಾಗಿ ಘೋಷಣೆಯೇ ಸಾಕು, ಅಂದರೆ ನಮ್ಮ ಹೋಟೆಲ್‌ಗಳೆಲ್ಲ ಅದರೊಳಗೇ. ಸಿರ್ಸಿ ಮಾರಿಕಾಂಬಾ ಜಾತ್ರೆಯ ಮಿರ್ಚಿ ಅಂಗಡಿಗಳ ಎಣ್ಣೆಗೆ ಆಸೆಪಟ್ಟರೆ ಸಹಿಯನ್ನು ಜಾತ್ರೆಯಲ್ಲೇ ಹಾಕಿಸಿಕೊಳ್ಳಿ, ಆಮೇಲೆ ಅವರನ್ನು ಎಲ್ಲಿ ಹುಡುಕುತ್ತೀರಿ? ಮೀನೆಣ್ಣೆ ಬೇರೆ ವರ್ಗ. ಅದೇ ಡ್ರಮ್ಮಿಗೆ ಸುರಿಯಬೇಡಿ.

ಎಣ್ಣೆಯನ್ನು ಸ್ಟೀಲ್ ಜಾಲರಿಯಲ್ಲಿ ಸೋಸಿ, 60-70 ಡಿಗ್ರಿಗೆ ಕಾಯಿಸಿ, ಒಂದು ದಿನ ಬಿಟ್ಟು ಕೆಳಗಿನ ನೀರು ತೆಗೆಯಿರಿ. ನೀರು ನಿಂತರೆ ಆಮ್ಲೀಯತೆ ಏರುತ್ತದೆ, ಜೊತೆಗೆ ಬರುವ ಉಪ್ಪು ರಿಫೈನರಿಯ ಉಪಕರಣ ಕೊರೆಯುತ್ತದೆ. ತಾಮ್ರ, ಹಿತ್ತಾಳೆಯ ವಾಲ್ವ್ ಬೇಡ, ಎಣ್ಣೆ ಬೇಗ ಕೆಡುತ್ತದೆ. ಡಿಸೆಂಬರ್ ಚಳಿಯಲ್ಲಿ ಘಟ್ಟದ ಮೇಲೆ ತಾಳೆ ಎಣ್ಣೆ ಮಂದವಾಗುತ್ತದೆ, ಅದನ್ನೂ ಎಳೆಯುವಂಥ ಪಂಪ್ ಆರಿಸಿ.

ಇಷ್ಟಕ್ಕೆ ಸಬ್ಸಿಡಿ ಬೇಕಿದ್ದರೆ ಕಾರವಾರದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆ ವಿಚಾರಿಸಿ. 2025-26ರವರೆಗಿನ ನಿಯಮದಂತೆ ಗ್ರಾಮೀಣ ಪ್ರದೇಶದಲ್ಲಿ ಸಾಮಾನ್ಯ ವರ್ಗಕ್ಕೆ ಯೋಜನಾ ವೆಚ್ಚದ ಶೇ 25, ಮಹಿಳೆಯರು, ಪರಿಶಿಷ್ಟರು ಮೊದಲಾದ ವಿಶೇಷ ವರ್ಗಕ್ಕೆ ಶೇ 35; ಮೊತ್ತ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಹೊಸ ಘಟಕಕ್ಕೆ ಮಾತ್ರ ಕೊಡುವುದರಿಂದ, ಟ್ಯಾಂಕ್ ಕೊಂಡು ಕೆಲಸ ಶುರುಮಾಡಿ ಅರ್ಜಿ ಹಿಡಿದು ಹೋಗಬೇಡಿ.